ನ್ಯಾಸವೂ ಪ್ರಮಾದವೂ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಪರರ ಗುಟ್ಟನ್ನು ಹೊರಗೆಡಹುವುದು. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಇಡುಗಂಟನ್ನು ದಕ್ಕಿಸಿಕೊಳ್ಳುವುದು. ಇಂದಿನ ವ್ಯಾಪಾರಿಯ ಜೇಬಿನಲ್ಲಿ ಪರರ ಗುಟ್ಟೂ ಇಡುಗಂಟೂ ಒಂದೇ ವಸ್ತುವಿನಲ್ಲಿ ಸೇರಿವೆ. ಅದೇ ಪೆನ್‌ಡ್ರೈವ್.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಶೇಂಗಾ ಬೆಳೆಯ ನಾಡು. ಕೊಂಡ್ಲಹಳ್ಳಿಯಂಥ ಊರಿನಲ್ಲಿ ರೈತನ ಸಾಲ-ಬಾಕಿಯ ಕಿರ್ದಿ, ಖಾತಾವಣಿಗಳು ಹಿಂದೆ ಸಂಜೆಯಾದರೆ ಪೆಟ್ಟಿಗೆ ಸೇರುತ್ತಿದ್ದವು. ಈಗ ಅವನ ಬಾಕಿಯ ಮೊತ್ತ, ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಪ್ರತಿ ಎಲ್ಲವೂ ಹೆಬ್ಬೆರಳುದ್ದದ ಸಾಧನದಲ್ಲಿ ಅಡಗಿ, ಬಸ್ಸಿನಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಹೋಗಬಲ್ಲವು. ಬಸದಿಯ ಟ್ರಸ್ಟಿನ ದಾನಿಗಳ ಪಟ್ಟಿಯೂ ಹಾಗೆಯೇ. ಗುಪ್ತದಾನ ಮಾಡಿದವರ ಹೆಸರೂ ಅದರಲ್ಲಿ ಇರಬಹುದು.

ಅದು ಕಳೆದುಹೋದರೆ, ಕೇಡಿನ ಉದ್ದೇಶವಿಲ್ಲದ ವ್ಯಾಪಾರಿಗೆ ದೋಷವುಂಟೇ? ಯತ್ನಾಚಾರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಹಾನಿಯಾದರೂ ಹಿಂಸಾದೋಷವಿಲ್ಲ, ಪ್ರಮಾದಿಗೆ ಜೀವಹಾನಿಯಾಗದಿದ್ದರೂ ದೋಷವುಂಟು ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರೂಪಿಸಿದ್ದಾರೆ. ಈ ತಕ್ಕಡಿಯಲ್ಲಿ ತೂಗಿದರೆ, ಬೀಗವಿಲ್ಲದ ಪೆನ್‌ಡ್ರೈವನ್ನು ಹೊತ್ತು ತಿರುಗುವವನು ಅದು ಕಳೆಯುವ ಮೊದಲೇ ದೋಷಿ.

ಮುನಿಗಳ ಆದಾನನಿಕ್ಷೇಪಣ ಸಮಿತಿ, ಅಂದರೆ ನೋಡಿ ಎತ್ತುವ, ನೋಡಿ ಇಡುವ ಎಚ್ಚರ, ಇಲ್ಲಿ ಶ್ರಾವಕನಿಗೂ ದಾರಿದೀಪ. ಬೇಕಾದಷ್ಟನ್ನೇ ತುಂಬಬೇಕು, ತುಂಬುವ ಮೊದಲೇ ಗೂಢಲಿಪಿಯ ಬೀಗ ಹಾಕಬೇಕು, ಪಾಸ್‌ವರ್ಡನ್ನು ಅದರ ಜೊತೆಯಲ್ಲೇ ಬರೆದಿಡಬಾರದು. ಕಡತವನ್ನು ಅಳಿಸಿದರೂ ಬಹುಮಟ್ಟಿಗೆ ಅದರ ಗುರುತು ಮಾತ್ರ ಅಳಿದು, ಒಳಗಿನ ಬರಹ ಮರಳಿ ತೆಗೆಯುವಂತೆ ಉಳಿದಿರಬಹುದು. ಆದ್ದರಿಂದ ಕೆಟ್ಟ ಪೆನ್‌ಡ್ರೈವನ್ನು ಅದರ ಚಿಪ್ ಒಡೆದ ಮೇಲೆಯೇ ಗುಜರಿಗೆ ಹಾಕಬೇಕು. ದಾರಿಯಲ್ಲಿ ಸಿಕ್ಕಿದ ಪೆನ್‌ಡ್ರೈವ್ ಅದತ್ತ ವಸ್ತು; ಅದನ್ನು ತೆರೆದು ನೋಡುವುದು ಅಚೌರ್ಯಕ್ಕೆ ವಿರುದ್ಧ, ಅದರಲ್ಲಿರಬಹುದಾದ ವೈರಸ್ಸಿನಿಂದ ಅಂಗಡಿಯ ಕಂಪ್ಯೂಟರಿಗೂ ಕೇಡು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂಬ ವಿಧಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ವ್ರತಿಗೆ ಇದು ಹೊಸ ಮಾತಲ್ಲ. ಕಳೆದುದನ್ನು ಮುಚ್ಚಿಟ್ಟರೆ ಪ್ರಮಾದಕ್ಕೆ ಅಸತ್ಯವೂ ಕೂಡುತ್ತದೆ. ಕಳೆದ ದಿನವೇ ಹೇಳಿದರೆ ರೈತನು ಬ್ಯಾಂಕಿಗೆ ತಿಳಿಸಿ ತನ್ನ ಖಾತೆಯನ್ನು ಕಾಪಾಡಿಕೊಳ್ಳಬಲ್ಲ. ಅಷ್ಟು ಅವಕಾಶವನ್ನಾದರೂ ಅವನಿಗೆ ಉಳಿಸುವುದು ನ್ಯಾಸವನ್ನು ಹೊತ್ತವನ ಧರ್ಮ.