ಸಾಮೀಪ್ಯವು ಪ್ರಮಾಣವಾಗಬಲ್ಲದೇ?

ಸಮುದ್ರದ ದಡದ ಹೋಟೆಲಿನಲ್ಲಿ ಸಿಗುವ ಮೀನು ಒಳನಾಡಿನ ಹೋಟೆಲಿನ ಮೀನಿಗಿಂತ ತಾಜಾ ಆಗಿರುತ್ತದೆ ಎಂಬುದು ಬಹುಮಂದಿ ಪರೀಕ್ಷಿಸದೆಯೇ ಒಪ್ಪಿಕೊಂಡಿರುವ ನಂಬಿಕೆ. ಕಾರವಾರದ ಕರಾವಳಿಯಿಂದ ಸುಮಾರು 300 ಕಿಲೋಮೀಟರ್ ಒಳಗಿರುವ ಹೊಸಪೇಟೆಯಲ್ಲಿ ಬಂಗುಡೆಯನ್ನು ತಟ್ಟೆಗೆ ಹಾಕಿಸಿಕೊಳ್ಳುವವರ ಮನಸ್ಸಿನಲ್ಲಿ ಈ ನಂಬಿಕೆ ಸಂಶಯದ ರೂಪ ತಾಳುತ್ತದೆ. ಮೇಲುನೋಟಕ್ಕೆ ಇದು ನಾಲಿಗೆಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ತೋರಿದರೂ, ಮೂಲಕ್ಕೆ ಹತ್ತಿರವಿರುವುದು ಗುಣಕ್ಕೆ ಪ್ರಮಾಣವಾಗಬಲ್ಲದೇ ಎಂಬ ಹಳೆಯ ತಾತ್ವಿಕ ಪ್ರಶ್ನೆಯೇ ಇದರ ಒಳಗಿದೆ.

ಭಾರತೀಯ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಈ ನಂಬಿಕೆಯು ಒಂದು ಅನುಮಾನ, ಅಂದರೆ ಕಂಡ ಗುರುತಿನ ಮೂಲಕ ಕಾಣದ ಸಂಗತಿಯನ್ನು ಅರಿಯುವ ಕ್ರಮ. ಇಲ್ಲಿ ತಾಜಾತನವು ಸಾಧ್ಯ, ಎಂದರೆ ಸಿದ್ಧಪಡಿಸಬೇಕಾದ ಸಂಗತಿ. ಸಮುದ್ರಸಾಮೀಪ್ಯವು ಹೇತು, ಎಂದರೆ ಅದಕ್ಕೆ ಕೊಡುವ ಕಾರಣ. ಹೇತುವಿದ್ದ ಕಡೆಯಲ್ಲೆಲ್ಲ ಸಾಧ್ಯವೂ ತಪ್ಪದೆ ಇರಬೇಕೆಂಬ ನಿಯಮಕ್ಕೆ ವ್ಯಾಪ್ತಿಯೆಂದು ಹೆಸರು. ಒಂದೇ ಕಡೆ ಅದು ಮುರಿದರೂ ಅನುಮಾನ ನಿಲ್ಲದು. ಆದ್ದರಿಂದ ಸಮುದ್ರ ಹತ್ತಿರವಿದ್ದೂ ಮೀನು ಹಳೆಯದಾಗಿರುವ ಸಂದರ್ಭಗಳು ಇವೆಯೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಅಂಥ ಸಂದರ್ಭಗಳು ಧಾರಾಳವಾಗಿವೆ. ಮಲ್ಪೆ, ಮಂಗಳೂರುಗಳಿಂದ ಆಳಸಮುದ್ರಕ್ಕೆ ತೆರಳುವ ಟ್ರಾಲ್ ದೋಣಿಗಳು ವಾರ, ಹತ್ತು ದಿನ ಕಡಲಲ್ಲೇ ಉಳಿದು, ಹಿಡಿದ ಮೀನನ್ನು ದೋಣಿಯ ಒಡಲಿನಲ್ಲಿ ಮಂಜುಗಡ್ಡೆ ಹಾಕಿ ತುಂಬಿಕೊಂಡು ಬರುವುದರಿಂದ, ಮೊದಲ ದಿನ ಬಲೆಗೆ ಬಿದ್ದ ಮೀನು ಬಂದರಿನ ಕಟ್ಟೆ ಮುಟ್ಟುವ ಹೊತ್ತಿಗೇ ಹಲವು ದಿನಗಳಷ್ಟು ಹಳೆಯದಾಗಿರುತ್ತದೆ. ಮೀನುಗಳ ಸಂತಾನೋತ್ಪತ್ತಿಗೆ ಅವಕಾಶ ಕೊಡಲೆಂದು ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಕಡಲ ಅಲೆ ಕಿಟಕಿಯಿಂದಲೇ ಕಾಣುವ ಹೋಟೆಲುಗಳೂ ನಾಡದೋಣಿಗಳು ತರುವ ಅಲ್ಪಸ್ವಲ್ಪ ಮೀನನ್ನು ಬಿಟ್ಟರೆ, ಶೀತಲಗೃಹದ ದಾಸ್ತಾನನ್ನೋ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದ ಮೀನನ್ನೋ ನೆಚ್ಚಬೇಕಾಗುತ್ತದೆ. ಬೆಳಗಿನ ಜಾವ ಹೋಗಿ ಅದೇ ದಿನ ಮರಳುವ ಚಿಕ್ಕ ದೋಣಿಯ ಮೀನು ದಡದಲ್ಲೇ ಮಾರಾಟವಾದಾಗ ಅದಕ್ಕೆ ಸಮನಾದುದು ಒಳನಾಡಿಗೆ ಸಿಗದೆಂಬುದು ನಿಜ. ಆದರೆ ಇದರಿಂದ ಸಾಮೀಪ್ಯವು ತಾಜಾತನಕ್ಕೆ ಅವಕಾಶ ಒದಗಿಸುತ್ತದೆಂದು ಮಾತ್ರ ಸಿದ್ಧವಾಗುತ್ತದೆ. ಆ ಅವಕಾಶವನ್ನು ಯಾರಾದರೂ ಬಳಸಿಕೊಂಡರೆಂದು ಸಿದ್ಧವಾಗುವುದಿಲ್ಲ.

ಸಾಮೀಪ್ಯವೊಂದೇ ಸಾಲದಿರುವುದಕ್ಕೆ ಕಾರಣವು ಮೀನಿನ ದೇಹದಲ್ಲೇ ಇದೆ. ಜೀವ ಹೋದ ಕೂಡಲೇ ಸ್ನಾಯುವಿನ ಕಿಣ್ವಗಳು ಆ ಮಾಂಸವನ್ನೇ ಒಡೆಯತೊಡಗುತ್ತವೆ. ಅನಂತರ ಕಿವಿರು, ಕರುಳು, ಚರ್ಮಗಳಲ್ಲಿದ್ದ ಬ್ಯಾಕ್ಟೀರಿಯಾಗಳು ಬೆಳೆದು, ಕಡಲ ಮೀನಿನಲ್ಲಿರುವ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತುವನ್ನು ನಾರುವ ಟ್ರೈಮೀಥೈಲಮೈನ್ ಆಗಿ ಮಾರ್ಪಡಿಸುತ್ತವೆ. ಈ ಎರಡು ಕ್ರಿಯೆಗಳ ವೇಗವನ್ನು ಉಷ್ಣತೆಯು ನಿರ್ಧರಿಸುತ್ತದೆ. ಶೂನ್ಯ ಡಿಗ್ರಿಯ ಮಂಜುಗಡ್ಡೆಯಲ್ಲಿ ಹಲವು ಜಾತಿಯ ಮೀನುಗಳು ವಾರ, ಹತ್ತು ದಿನ ತಿನ್ನಲು ಯೋಗ್ಯವಾಗಿ ಉಳಿದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹೊಸಪೇಟೆ, ಕಂಪ್ಲಿ ಸೀಮೆಯ ಬಿಸಿಲಿನಲ್ಲಿ ಅದೇ ಮೀನು ಒಂದು ದಿನವೂ ತಡೆಯದು. ಹೀಗಾಗಿ ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳದ ಹಾದಿಯಾಗಿ ಒಂದು ರಾತ್ರಿಯಲ್ಲಿ, ಮಂಜುಗಡ್ಡೆ ಕರಗದಂತೆ ಹೊಸಪೇಟೆಗೆ ಬಂದ ಬಂಗುಡೆಯು, ಕಡಲ ದಡದಲ್ಲೇ ಮಧ್ಯಾಹ್ನದವರೆಗೆ ಬಿಸಿಲಿಗೆ ಬಿದ್ದಿದ್ದ ಬಂಗುಡೆಗಿಂತ ತಾಜಾ ಆಗಿರಬಹುದು.

ತಾರ್ಕಿಕರು ವ್ಯಾಪ್ತಿ ಮುರಿಯುವ ಇಂಥ ದೋಷವನ್ನು ಉಪಾಧಿಯ ಮೂಲಕ ವಿವರಿಸುತ್ತಾರೆ. ಸಾಧ್ಯವಿದ್ದಲ್ಲೆಲ್ಲ ಇದ್ದು, ಹೇತುವಿದ್ದಲ್ಲೆಲ್ಲ ಇರದ ಧರ್ಮವೇ ಉಪಾಧಿ; ಬೆಂಕಿಯಿಂದ ಹೊಗೆಯನ್ನು ಊಹಿಸುವಾಗ ಹಸಿ ಸೌದೆಯು ಉಪಾಧಿಯಾಗುತ್ತದೆ, ಏಕೆಂದರೆ ಹೊಗೆಗೆ ಹಸಿ ಸೌದೆ ಬೇಕು, ಆದರೆ ಬೆಂಕಿಯಿರುವ ಕಡೆಯಲ್ಲೆಲ್ಲ ಹಸಿ ಸೌದೆಯಿರುವುದಿಲ್ಲ. ತಾಜಾತನದ ಅನುಮಾನದಲ್ಲಿ ಕಡಿಮೆ ಕಾಲ ಅಥವಾ ಕಡಿಯದ ತಂಪು ಅದೇ ಸ್ಥಾನದಲ್ಲಿದೆ.

ತುಂಗಭದ್ರೆಯ ದಡವೂ ಇದೇ ಪಾಠವನ್ನು ಹೇಳುತ್ತದೆ. 1953ರಲ್ಲಿ ಪೂರ್ಣಗೊಂಡ ಜಲಾಶಯದಲ್ಲಿ ಕಾಟ್ಲಾ, ರೋಹು, ಬಾಳೆಮೀನು ಸಿಗುತ್ತವೆ. ಹರಿಗೋಲಿನಲ್ಲಿ ಹೋಗಿ ಸಂಜೆ ಬಿಟ್ಟ ಬಲೆಯನ್ನು ಮುಂಜಾನೆ ಎತ್ತಿದಾಗ, ರಾತ್ರಿಯ ಮೊದಲ ಜಾವದಲ್ಲೇ ಸಿಕ್ಕಿಕೊಂಡು ಸತ್ತ ಮೀನು ಬೆಚ್ಚನೆಯ ನೀರಿನಲ್ಲಿ ಹಲವು ಗಂಟೆ ಕಳೆದಿರುತ್ತದೆ, ಕೊನೆಯಲ್ಲಿ ಸಿಕ್ಕಿದ್ದು ಇನ್ನೂ ಕಿವಿರಾಡಿಸುತ್ತಿರುತ್ತದೆ. ಒಂದೇ ನೀರು, ಒಂದೇ ಬಲೆ, ಒಂದೇ ದೂರ. ಆದರೂ ಎರಡೂ ಸಮಾನವಾಗಿ ತಾಜಾ ಅಲ್ಲ. ಹಂಪಿಯಲ್ಲಂತೂ ನದಿಯು ವಿರೂಪಾಕ್ಷನ ಗುಡಿಯ ಮಗ್ಗುಲಲ್ಲೇ ಹರಿದರೂ, ಕ್ಷೇತ್ರದ ಮರ್ಯಾದೆಯಿಂದ ಅಲ್ಲಿನ ಊಟದ ಮನೆಗಳು ಸಾಮಾನ್ಯವಾಗಿ ಸಸ್ಯಾಹಾರವನ್ನೇ ಬಡಿಸುತ್ತವೆ.

1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅಲ್ಲಿನ ಪೇಟೆಯಲ್ಲಿ ಬೇಟೆಯ ಪ್ರಾಣಿಪಕ್ಷಿಗಳನ್ನು ಜೀವಂತವಾಗಿಯೇ ಮಾರಬೇಕಿತ್ತೆಂದೂ, ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂದು ತಿಳಿಯಲೆಂಬುದೇ ಅದರ ಉದ್ದೇಶವೆಂದೂ ಬರೆದಿಟ್ಟು, ನದಿಯ ಮೀನು ಹೇರಳವಾಗಿ ಸಿಗುತ್ತಿದ್ದುದನ್ನೂ ಸೇರಿಸಿದ್ದಾನೆ. ಅದೇ ನಗರದಲ್ಲಿ, ಅದೇ ದಶಕದಲ್ಲಿ, 'ತರ್ಕತಾಂಡವ' ಮತ್ತು 'ನ್ಯಾಯಾಮೃತ'ಗಳ ಕರ್ತೃಗಳಾದ ವ್ಯಾಸತೀರ್ಥರೂ ಇದ್ದರು. 1539ರಲ್ಲಿ ದೇಹ ಬಿಟ್ಟ ಅವರ ವೃಂದಾವನವು ಆನೆಗೊಂದಿಯ ಬಳಿಯ ನವವೃಂದಾವನ ಗಡ್ಡೆಯಲ್ಲಿದೆ. ಪ್ರತ್ಯಕ್ಷವು, ಎಂದರೆ ಇಂದ್ರಿಯಗಳಿಂದ ನೇರವಾಗಿ ಪಡೆದ ಅರಿವು, ಅನುಮಾನಕ್ಕೆ ಉಪಜೀವ್ಯ, ಅಂದರೆ ಅನುಮಾನವು ಹುಟ್ಟಿ ಬದುಕಲು ಆಶ್ರಯಿಸಿರುವ ಆಧಾರ. ಆದ್ದರಿಂದ ದೋಷವಿಲ್ಲದ ಪ್ರತ್ಯಕ್ಷವನ್ನು ಅನುಮಾನವು ಅಲ್ಲಗಳೆಯಲಾರದು ಎಂಬುದು ವ್ಯಾಸತೀರ್ಥರು ಪ್ರತಿಪಾದಿಸಿದ ಮಾಧ್ವ ಸಿದ್ಧಾಂತ. ಜಗತ್ತಿನ ಸತ್ಯತ್ವವನ್ನು ಸ್ಥಾಪಿಸಲು ಅವರು ಬಳಸಿದ ಈ ನ್ಯಾಯವು ಆಹಾರದ ಚರ್ಚೆಗೆಂದು ಹುಟ್ಟಿದ್ದಲ್ಲವಾದರೂ, ಪೇಟೆಯ ಆ ನಿಯಮದ ಹಿಂದಿನ ವಿವೇಕವೂ ಇದೇ ದಿಕ್ಕಿನದು: ನೋಡಿ ತಿಳಿಯಬಹುದಾದುದನ್ನು ಊಹೆಗೆ ಬಿಡಬಾರದು. ಕಿವಿರಿನ ಕೆಂಪು, ಉಬ್ಬಿ ಹೊಳೆಯುವ ಕಣ್ಣು, ಒತ್ತಿದರೆ ಮತ್ತೆ ಮೇಲೇಳುವ ಮಾಂಸ, ಇವು ದೂರದ ಲೆಕ್ಕಕ್ಕಿಂತ ಬಲವಾದ ಸಾಕ್ಷ್ಯ.

ಆದರೆ ಹೋಟೆಲಿನ ತಟ್ಟೆಯಲ್ಲಿ ಕಿವಿರೂ ಇಲ್ಲ, ಕಣ್ಣೂ ಇಲ್ಲ. ಖಾರ, ಹುಳಿ, ಎಣ್ಣೆಗಳು ವಾಸನೆಯನ್ನು ಮುಚ್ಚುತ್ತವೆ. ಅದಕ್ಕಿಂತ ಗಂಭೀರವಾದುದು, ತಂಪಿಲ್ಲದೆ ಬಿದ್ದಿದ್ದ ಬಂಗುಡೆ, ಕೇದರದಂಥ ಮೀನುಗಳಲ್ಲಿ ಉಂಟಾಗುವ ಹಿಸ್ಟಮಿನ್ ಎಂಬ ವಿಷವಸ್ತುವು ಎಷ್ಟು ಬೇಯಿಸಿದರೂ ನಾಶವಾಗದು, ರುಚಿಯಿಂದಲೂ ಪತ್ತೆಯಾಗದೆ ಹೋಗಬಹುದು. ಪ್ರತ್ಯಕ್ಷವು ಕೈಬಿಟ್ಟು ಅನುಮಾನವು ದುರ್ಬಲವಾದ ಈ ಸ್ಥಳದಲ್ಲಿ ಉಣ್ಣುವವನಿಗೆ ಉಳಿಯುವುದು ಆಪ್ತವಾಕ್ಯ ಒಂದೇ, ಎಂದರೆ ಸಂಗತಿಯನ್ನು ಬಲ್ಲ, ಮೋಸವಿಲ್ಲದವನ ಮಾತು. ಬಲೆ ಎತ್ತಿದವನು, ಮಂಜುಗಡ್ಡೆ ಹಾಕಿದವನು, ಲಾರಿ ನಡೆಸಿದವನು, ಅಡಿಗೆಯವನು, ಇವರಲ್ಲಿ ಒಬ್ಬನು ತಪ್ಪಿದರೂ ಆ ಮಾತು ಸುಳ್ಳಾಗುತ್ತದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸ ಆಹಾರವನ್ನು ಗುರುತಿಸುವಾಗ ಅದು ಎಲ್ಲಿಂದ ಬಂತೆಂದು ಕೇಳದೆ, ಹೊತ್ತು ಮೀರಿದ್ದು, ರಸ ಕಳೆದುಕೊಂಡದ್ದು, ತಂಗಳು ಎಂದು ಕಾಲದ ಗುರುತುಗಳನ್ನೇ ಮುಂದಿಡುತ್ತದೆ. ಪುಣ್ಯಕ್ಷೇತ್ರದ ವಾಸವೂ ಸಮುದ್ರಸಾಮೀಪ್ಯದ ಬಗೆಯದೇ. ತೀರ್ಥದ ಮಗ್ಗುಲಲ್ಲಿ ಮನೆಯಿದ್ದವನಿಗೆ ಅವಕಾಶ ಹೆಚ್ಚು, ಆದರೆ ಶುದ್ಧಿಯು ಅವನ ನಡತೆಯಿಂದಲೇ ಬರಬೇಕು. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಮೀನು ಉಣ್ಣುವವರು ಸಮುದ್ರ ಎಷ್ಟು ದೂರ ಎಂದು ಅಳೆಯುವ ಬದಲು, ಯಾವಾಗ ಹಿಡಿದದ್ದು, ಹೇಗೆ ಇಟ್ಟದ್ದು ಎಂದು ಕೇಳುವುದು ಯುಕ್ತ. ಅದಕ್ಕೆ ನಿಜವಾದ ಉತ್ತರ ಕೊಡುವುದು ಬಡಿಸುವವನ ಧರ್ಮ. ಏಕೆಂದರೆ ತಟ್ಟೆಯಲ್ಲಿರುವುದು ಒಂದು ಜೀವದ ಒಡಲು, ಅದನ್ನು ಅಲಕ್ಷ್ಯದಿಂದ ಕೆಡಿಸುವುದು ಆ ಜೀವಕ್ಕೂ ಉಣ್ಣುವವನಿಗೂ ಬಗೆದ ದ್ರೋಹ.