ಉಣಿಸುವುದು ಮತ್ತು ಉಣಿಸಲು ಪ್ರೇರೇಪಿಸುವುದು



ನಮ್ಮ ಮದ್ರಸಗಳಲ್ಲಿ ಮಕ್ಕಳು ಮೊದಮೊದಲು ಬಾಯಿಪಾಠ ಮಾಡುವ ಅಧ್ಯಾಯಗಳಲ್ಲಿ ಅಲ್‌ಮಾಊನ್ ಕೂಡಾ ಒಂದು. ಏಳೇ ಸೂಕ್ತಗಳ ಈ ಪುಟ್ಟ ಅಧ್ಯಾಯವನ್ನು ನಾವು ನಮಾಝ್‌ಗಳಲ್ಲಿ ಎಷ್ಟು ಸಲ ಓದಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಅದರ ಅರ್ಥದ ಮುಂದೆ ಒಂದು ಗಳಿಗೆ ನಿಂತು ಯೋಚಿಸಿದವರು ಎಷ್ಟು ಮಂದಿ? ಧರ್ಮವನ್ನು ಸುಳ್ಳೆನ್ನುವವನ ಗುರುತೇನೆಂದು ಅಲ್ಲಾಹನು ಅಲ್ಲಿ ತಿಳಿಸಿದ್ದಾನೆ. ಅವನು ಅನಾಥನನ್ನು ದೂಡಿಬಿಡುತ್ತಾನೆ. ಬಡವನಿಗೆ ಉಣಿಸುವಂತೆ ಯಾರನ್ನೂ ಪ್ರೇರೇಪಿಸುವುದಿಲ್ಲ.

ಎರಡನೆಯ ಗುರುತನ್ನು ಗಮನಿಸಿರಿ. ಉಣಿಸದವನು ಎಂದಷ್ಟೇ ಹೇಳಿ ಬಿಟ್ಟಿಲ್ಲ. ಉಣಿಸುವಂತೆ ಇತರರಿಗೆ ಹೇಳದವನೂ ಅಪರಾಧಿಯೇ. ಅಲ್‌ಹಾಕ್ಕ ಮತ್ತು ಅಲ್‌ಫಜ್ರ್ ಅಧ್ಯಾಯಗಳಲ್ಲೂ ಇದೇ ಆರೋಪ ಬಂದಿದೆ. ತಾನು ಬಡವ, ಕೊಡಲು ತನ್ನ ಬಳಿ ಏನೂ ಇಲ್ಲ ಎಂದು ಒಬ್ಬನು ನೆಪ ಹೇಳಬಹುದು. ಆದರೆ ಹೇಳಲು ನಾಲಗೆಯೂ ಇಲ್ಲವೆಂದು ಯಾರು ನೆಪ ಹೇಳಬಲ್ಲರು? ಹಸಿವಿನ ಬಗ್ಗೆ ಜನರನ್ನು ಎಚ್ಚರಿಸುವುದು ಸರಕಾರದ ಇಲಾಖೆಗಳ ಕೆಲಸ ಮಾತ್ರವಲ್ಲ, ಅದು ಸತ್ಯವಿಶ್ವಾಸಿಯ ಮೇಲೆ ಹೊರಿಸಲಾದ ಹೊಣೆ.

ಇನ್ನೊಂದು ಅಂಶ. ಈ ಸೂಕ್ತಗಳಲ್ಲಿ ಬಂದಿರುವ ಮಾತಿಗೆ ಬಡವನ ಅನ್ನ ಎಂಬ ಅರ್ಥವಿದೆ. ನಮ್ಮ ಮಡಕೆಯಲ್ಲಿ ಬೇಯುತ್ತಿರುವ ಅನ್ನದಲ್ಲಿ ಅವನ ಪಾಲು ಮೊದಲೇ ಇದೆ ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಅದನ್ನು ಅವನಿಗೆ ತಲುಪಿಸುವುದು ಉಪಕಾರವಲ್ಲ, ಅವನ ಹಕ್ಕನ್ನು ಸಂದಾಯ ಮಾಡುವುದಾಗಿದೆ.

ಪ್ರಚಾರ ಬಹಳ, ಫಲವೆಷ್ಟು?

ನಮ್ಮ ದೇಶದಲ್ಲಿ ಪೌಷ್ಟಿಕ ಆಹಾರ ಮತ್ತು ಶುಚಿತ್ವದ ಪ್ರಚಾರಕ್ಕೆ ಕೊರತೆಯಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು. ಇಂದಿನ ಅಂಗನವಾಡಿಗಳು ಅದರ ಕೂಸುಗಳು. 1982ರಿಂದ ಸೆಪ್ಟೆಂಬರಿನ ಮೊದಲ ವಾರ ಪೌಷ್ಟಿಕ ಆಹಾರ ಸಪ್ತಾಹವಾಗಿದೆ. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಶುರುವಾದ ಮೇಲೆ ಸೆಪ್ಟೆಂಬರ್ ತಿಂಗಳಿಡೀ ಪೋಷಣ ಮಾಸವೆನಿಸಿತು. ಜಾಥಾ, ಭಿತ್ತಿಪತ್ರ, ಭಾಷಣ ಎಲ್ಲವೂ ನಡೆಯುತ್ತವೆ.

ಫಲವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರಾಗಿದ್ದರು. ಇದು ಬರಗಾಲದ ಲೆಕ್ಕವಲ್ಲ. ಪಡಿತರದ ಅಕ್ಕಿ ಮನೆಮನೆಗೆ ಬರುತ್ತಿರುವ ಕಾಲದ ಲೆಕ್ಕ.

ಹಾಗಾದರೆ ಪ್ರಚಾರ ವ್ಯರ್ಥವೇ? ಅಲ್ಲ. ಅಲ್ಲಾಹನು ಆಜ್ಞಾಪಿಸಿದ್ದು ವ್ಯರ್ಥವಾಗುವುದಿಲ್ಲ. ಆದರೆ ಹೇಳುವ ನಾಲಗೆಯ ಜೊತೆ ಕೊಡುವ ಕೈ ಇಲ್ಲದಿದ್ದಾಗ, ಹೇಳುವವನ ಮನೆಯಲ್ಲೇ ಆ ಮಾತು ನಡೆಯದಿದ್ದಾಗ, ಮಾತು ಗೋಡೆಯ ಮೇಲಿನ ಬಣ್ಣವಾಗಿ ಉಳಿಯುತ್ತದೆ.

ಎಲ್ಲರ ಊಟವಾದ ಮೇಲೆ ಉಣ್ಣುವವಳು

ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಊರನ್ನು ಕಣ್ಣಮುಂದೆ ತಂದುಕೊಳ್ಳಿರಿ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕರಾವಳಿ. ಗದ್ದೆ, ತೋಟ, ಕಾಡುಗಳ ನಡುವೆ ಮನೆಗಳು. ಅಂಥ ಊರಿನಲ್ಲಿ ಉಣ್ಣುವ ವಸ್ತುಗಳಿಗೆ ಅಲ್ಲಾಹನು ಕೊರತೆ ಮಾಡಿಲ್ಲ. ಕುಚ್ಚಲಕ್ಕಿ ಗಂಜಿಯಿದೆ. ಹಿತ್ತಲಲ್ಲಿ ಬಸಳೆ, ಹರಿವೆ, ನುಗ್ಗೆ ಬೆಳೆಯುತ್ತವೆ. ಕರಾವಳಿಯಿಂದ ಬಂಗಡೆ, ತಾರಲೆ ಬರುತ್ತವೆ. ಆದರೂ ತಾಯಂದಿರು ಬಿಳಿಚಿಕೊಳ್ಳುವುದೇಕೆ?

ಉತ್ತರ ಅಡುಗೆಮನೆಯಲ್ಲಿದೆ. ಮೊದಲು ಗಂಡಸರ ಊಟ. ಆಮೇಲೆ ಮಕ್ಕಳದ್ದು, ಅದರಲ್ಲೂ ಗಂಡುಮಕ್ಕಳದ್ದು ಮೊದಲು. ಎಲ್ಲರೂ ಕೈ ತೊಳೆದ ಮೇಲೆ ಮನೆಯ ಹೆಣ್ಣು ಊಟಕ್ಕೆ ಕೂರುತ್ತಾಳೆ. ಅಷ್ಟು ಹೊತ್ತಿಗೆ ಮೀನಿನ ಹೋಳು ಮುಗಿದು ಸಾರಿನ ನೀರು ಉಳಿದಿರುತ್ತದೆ. ಬಸುರಿಯಾಗಿದ್ದರೂ ಇದೇ ಕ್ರಮ, ಬಾಣಂತಿಯಾಗಿದ್ದರೂ ಇದೇ ಕ್ರಮ. ಅವಳ ಗಂಡ ಊರಿನ ಸಭೆಯಲ್ಲಿ ಪೌಷ್ಟಿಕ ಆಹಾರದ ಭಾಷಣ ಕೇಳಿ, ಚಪ್ಪಾಳೆ ತಟ್ಟಿ ಬಂದಿರಬಹುದು!

ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಮೊಲೆಹಾಲಿನ ಅವಧಿಯನ್ನು ಪೂರ್ತಿಗೊಳಿಸಲು ಬಯಸುವವರಿಗೆ ಎರಡು ವರ್ಷವೆಂದು ಹೇಳಿದೆ. ಆ ಮಾತಿನ ಬೆನ್ನಲ್ಲೇ ತಾಯಿಯ ಅನ್ನ ಬಟ್ಟೆಗಳ ಹೊಣೆಯನ್ನು ತಂದೆಯ ಹೆಗಲಿಗೇರಿಸಿದೆ. ಹಾಲೂಡಿಸು ಎಂದು ತಾಯಿಗೆ ಹೇಳಿ ಅವಳ ಹೊಟ್ಟೆಯನ್ನು ಮರೆಯುವ ಪದ್ಧತಿ ಅಲ್ಲಾಹನದ್ದಲ್ಲ. ಪತ್ನಿಯ ಹಕ್ಕುಗಳೇನೆಂದು ಕೇಳಿದವರಿಗೆ ಪ್ರವಾದಿವರ್ಯರು(ಸ), ನೀನು ಉಂಡಾಗ ಅವಳಿಗೂ ಉಣಿಸಬೇಕೆಂಬುದನ್ನು ಮೊದಲ ಹಕ್ಕಾಗಿ ಕಲಿಸಿದರು. ಗರ್ಭಿಣಿಗೂ ಹಾಲೂಡಿಸುವವಳಿಗೂ ರಮಝಾನಿನ ಉಪವಾಸದಲ್ಲೇ ರಿಯಾಯಿತಿ ಇದೆ. ಕಡ್ಡಾಯ ಉಪವಾಸವನ್ನು ಅಲ್ಲಾಹನೇ ಅವಳಿಗಾಗಿ ಸಡಿಲಿಸಿರುವಾಗ, ವರ್ಷವಿಡೀ ಅವಳನ್ನು ಅರೆಹೊಟ್ಟೆಯಲ್ಲಿಡುವ ಅಧಿಕಾರವನ್ನು ನಮಗೆ ಕೊಟ್ಟವರಾರು?

2017ರ ಅಕ್ಟೋಬರ್ 2ರಂದು ಕರ್ನಾಟಕ ಸರಕಾರ ಮಾತೃಪೂರ್ಣ ಯೋಜನೆಯನ್ನು ಆರಂಭಿಸಿ, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು ಕೊಡಲು ಮುಂದಾದದ್ದರ ಹಿಂದೆ ಇದೇ ಕಾರಣವಿತ್ತು. ಮನೆಗೆ ಕೊಟ್ಟು ಕಳಿಸಿದ ಧಾನ್ಯ ಎಲ್ಲರ ಪಾಲಾಗುತ್ತದೆ, ಅವಳ ಹೊಟ್ಟೆಗೆ ಪೂರ್ತಿ ಸೇರುವುದಿಲ್ಲ. ಸರಕಾರ ಹೀಗೆ ಯೋಚಿಸಬೇಕಾಗಿ ಬಂದದ್ದು ಮನೆಯ ಯಜಮಾನರಾದ ನಮಗೆ ನಾಚಿಕೆಯ ವಿಷಯವಲ್ಲವೇ?

ಖಲೀಫರ ಒಂದು ಘೋಷಣೆ

ಹಝ್ರತ್ ಉಮರ್(ರ) ಅವರ ಆಡಳಿತ ಕಾಲದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ವ್ಯಾಪಾರಿಗಳ ತಂಡವೊಂದು ಮದೀನಾದ ಹೊರಗೆ ಬೀಡುಬಿಟ್ಟಿತ್ತು. ಅವರ ಕಾವಲಿಗಾಗಿ ಖಲೀಫರು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರೊಂದಿಗೆ ರಾತ್ರಿಯಿಡೀ ಎಚ್ಚರವಿದ್ದರು. ಒಂದು ಕೂಸು ಬಿಡದೆ ಅಳುತ್ತಿತ್ತು. ಮಗುವನ್ನು ನೋಡಿಕೊಳ್ಳಮ್ಮಾ ಎಂದು ಉಮರ್(ರ) ತಾಯಿಗೆ ಎರಡೆರಡು ಸಲ ಹೇಳಿಬಂದರು. ಅಳು ನಿಲ್ಲಲಿಲ್ಲ. ಕೊನೆಗೆ ಬೇಸತ್ತ ಆಕೆ, ತಾನು ಮಗುವಿಗೆ ಮೊಲೆ ಬಿಡಿಸುತ್ತಿರುವುದಾಗಿಯೂ, ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುವುದರಿಂದ ಹೀಗೆ ಮಾಡಬೇಕಾಗಿದೆಯೆಂದೂ ಹೇಳಿದಳು. ಎದುರಿಗಿರುವವರೇ ಉಮರ್ ಎಂದು ಆಕೆಗೆ ತಿಳಿದಿರಲಿಲ್ಲ. ಮಗುವಿಗೆ ಇನ್ನೂ ಕೆಲವೇ ತಿಂಗಳು.

ಅಂದಿನ ಫಜ್ರ್ ನಮಾಝ್‌ನಲ್ಲಿ ಅಳುವಿನಿಂದಾಗಿ ಖಲೀಫರ ಕುರ್‌ಆನ್ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿದೊಡನೆ ಅವರು ಘೋಷಣೆ ಹೊರಡಿಸಿದರು. ಮಕ್ಕಳಿಗೆ ಅವಸರದಿಂದ ಮೊಲೆ ಬಿಡಿಸಬಾರದು, ಇನ್ನು ಮುಂದೆ ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ಯೆ ಇದೆ. ಈ ಆಜ್ಞೆಯನ್ನು ಎಲ್ಲ ಪ್ರಾಂತಗಳಿಗೂ ಬರೆದು ಕಳಿಸಲಾಯಿತು.

ಈ ಘೋಷಣೆಯಲ್ಲಿ ಎರಡು ಭಾಗಗಳಿವೆ. ಒಂದು ತಿಳಿವಳಿಕೆ, ಇನ್ನೊಂದು ನೆರವು. ಮೊಲೆ ಬಿಡಿಸಬೇಡಿರಿ ಎಂದಷ್ಟೇ ಹೇಳಿದ್ದರೆ ಆ ತಾಯಿಗೆ ಉಪಯೋಗವಾಗುತ್ತಿರಲಿಲ್ಲ. ಆಕೆ ತಿಳಿಯದೆ ಹಾಗೆ ಮಾಡಿದವಳಲ್ಲ, ಇಲ್ಲದೆ ಮಾಡಿದವಳು. ಬಡವಳಿಗೆ ಬುದ್ಧಿ ಹೇಳುವ ಮೊದಲು ಅವಳ ಕಷ್ಟವನ್ನು ಕೇಳಬೇಕೆಂದು ಉಮರ್(ರ) ನಮಗೆ ಕಲಿಸಿದ್ದಾರೆ.

ಶುಚಿತ್ವವಿಲ್ಲದೆ ಅನ್ನ ಮೈಗೆ ಹತ್ತದು

ತಟ್ಟೆಯಲ್ಲಿ ಅನ್ನವಿದ್ದರೂ ಅದು ಮೈಗೆ ಹತ್ತಬೇಕಾದರೆ ನೀರು ಮತ್ತು ಕೈ ಶುಚಿಯಾಗಿರಬೇಕು. ಪದೇ ಪದೇ ಭೇದಿಯಾಗುವ ಮಗುವಿಗೆ ಎಷ್ಟು ಉಣಿಸಿದರೂ ಸಾರ ಹೀರಿಕೊಳ್ಳುವ ಶಕ್ತಿ ಕರುಳಿಗಿರುವುದಿಲ್ಲ. ಬರಿಗಾಲಿನಲ್ಲಿ ಮಲಿನ ಮಣ್ಣು ತುಳಿದಾಗ ಕೊಕ್ಕೆಹುಳು ಪಾದದ ಚರ್ಮದಿಂದ ಒಳಹೊಕ್ಕು ಕರುಳು ಸೇರಿ ರಕ್ತ ಹೀರುತ್ತದೆ. ಗದ್ದೆ ತೋಟಗಳಲ್ಲಿ ದುಡಿಯುವ ಹೆಂಗಸರ ರಕ್ತಹೀನತೆಗೆ ಇದೂ ಒಂದು ಕಾರಣ.

ಶುಚಿತ್ವವನ್ನು ಈಮಾನಿನ ಅರ್ಧವೆಂದು ಪರಿಗಣಿಸಿದ ಪ್ರವಾದಿವರ್ಯರು(ಸ) ಅದನ್ನು ಬರಿಯ ಮಾತಾಗಿ ಬಿಡಲಿಲ್ಲ. ನಿದ್ದೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಗೆ ಕೈ ಹಾಕಬಾರದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ಪಾತ್ರೆಯೊಳಗೆ ಉಸಿರು ಬಿಡಬಾರದು, ನಿಂತ ನೀರಿನಲ್ಲಿ ಮೂತ್ರ ಮಾಡಬಾರದು ಎಂದೆಲ್ಲ ಕಲಿಸಿದರು. ನೀರಿನ ನೆಲೆಯಲ್ಲಿ, ದಾರಿಯಲ್ಲಿ, ಜನರು ಕೂರುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಎಚ್ಚರಿಸಿದರು. ದಿನಕ್ಕೆ ಐದು ಸಲ ವುಝೂ ಮಾಡುವವನ ಬಾವಿಕಟ್ಟೆಯ ಸುತ್ತ ಕೊಳೆ ನಿಂತಿದ್ದರೆ ಅವನು ವುಝೂವಿನಿಂದ ಕಲಿತದ್ದೇನು?

2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಹರಿದು ಅಂಕೋಲಾ ತಾಲೂಕಿನ ನದಿದಡದ ಊರುಗಳು ಮುಳುಗಿದ್ದನ್ನು ನಾವು ಮರೆತಿಲ್ಲ. ನೆರೆ ಇಳಿದ ಮೇಲೆ ಬಾವಿಯ ನೀರನ್ನು ನಂಬಬಾರದು. ಬಾವಿಯನ್ನು ಶುದ್ಧಗೊಳಿಸಬೇಕು, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಬೇಕು. ಮಗುವಿಗೆ ಭೇದಿಯಾದರೆ ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ತರಬೇಕು. ಅದು ಕೈಗೆ ಸಿಗುವ ತನಕ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಮೊಲೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹೇಳುವವನು ಮೊದಲು ನಂಬಬೇಕು

ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆ 1980ರಿಂದ 1990ರ ತನಕ ಮನೆಮನೆಗೆ ಹೋಗಿ ಉಪ್ಪು, ಬೆಲ್ಲ ಮತ್ತು ನೀರಿನಿಂದ ಇಂಥದೇ ದ್ರಾವಣ ಮಾಡುವುದನ್ನು ತಾಯಂದಿರಿಗೆ ಕಲಿಸಿತು. ಸುಮಾರು 1 ಕೋಟಿ 20 ಲಕ್ಷ ಮನೆಗಳನ್ನು ತಲುಪಿದ ದೊಡ್ಡ ಕೆಲಸವದು. ಆದರೆ ಆರಂಭದಲ್ಲಿ ಕಲಿತ ತಾಯಂದಿರು ಅದನ್ನು ಬಳಸುತ್ತಿರಲಿಲ್ಲ. ಕಾರಣ ಹುಡುಕಿದಾಗ, ಕಲಿಸಲು ಹೋದ ಕಾರ್ಯಕರ್ತೆಯರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲವೆಂದು ತಿಳಿದುಬಂತು. ಮತ್ತೊಂದು ಕಾರಣ, ಗಂಡಸರನ್ನು ಹೊರಗಿಟ್ಟು ಹೆಂಗಸರಿಗೆ ಮಾತ್ರ ಹೇಳಿದ್ದು. ಆಮೇಲೆ ಕಾರ್ಯಕರ್ತೆಯರಿಗೆ ಹೊಸದಾಗಿ ತರಬೇತಿ ಕೊಟ್ಟರು. ಪೇಟೆಗಳಲ್ಲಿ, ಮಸೀದಿಗಳಲ್ಲಿ ಗಂಡಸರಿಗೂ ವಿವರಿಸಿದರು. ಆಗ ಮಾತು ಮನೆಯೊಳಗೆ ನಡೆಯಿತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ. ಹಾಲಕ್ಕಿ ಹಾಡುಗಾರ್ತಿಯೆಂದು ನಾಡೆಲ್ಲ ಬಲ್ಲ ಈ ಮಹಿಳೆ, ಸಾರಾಯಿ ಮನೆಗಳನ್ನು ಹಾಳುಮಾಡುವುದನ್ನು ಕಂಡು ಅದರ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕುಡಿತ ದಿನಗೂಲಿಯನ್ನು ನುಂಗಿದರೆ ಮಗುವಿನ ತಟ್ಟೆಗೆ ಏನು ಬೀಳುತ್ತದೆ? ಹಸಿವಿನ ವಿರುದ್ಧದ ಹೋರಾಟದಲ್ಲಿ ಇದೂ ಸೇರಿದೆ. ಮದ್ಯವನ್ನು ನಿಷಿದ್ಧವೆಂದು ನಂಬುವ ನಾವು ನಮ್ಮ ನೆರೆಯ ಇಂಥವರ ಜೊತೆ ನಿಲ್ಲಬೇಕಾದವರು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ. ಒಟ್ಟಾಗಿ ಉಣ್ಣುವುದರಲ್ಲಿ ಬರ್ಕತ್ ಇದೆಯೆಂಬುದು ಪ್ರವಾದಿ(ಸ) ಬೋಧನೆ. ಬಸುರಿ ಬಾಣಂತಿಯರ ತಟ್ಟೆಗೆ ಮೊದಲು ಬಡಿಸಿರಿ. ಸೊಪ್ಪಿನ ಜೊತೆ ಲಿಂಬೆಹುಳಿಯಿದ್ದರೆ ಅದರ ಕಬ್ಬಿಣದ ಸತ್ವ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಊಟದ ಜೊತೆಗಿನ ಚಹಾ ಅದನ್ನು ಕೆಡಿಸುತ್ತದೆ.

ಎರಡನೆಯದಾಗಿ, ಖತೀಬರು ಜುಮಾ ಖುತ್ಬಾದಲ್ಲಿ ಈ ವಿಷಯ ಹೇಳಲಿ. ಜಮಾಅತಿನವರು ಮೊಹಲ್ಲಾದ ಗರ್ಭಿಣಿಯರು, ವಿಧವೆಯರು, ಒಂಟಿ ಮುದುಕರು ಯಾರೆಂದು ತಿಳಿದಿಟ್ಟುಕೊಳ್ಳಲಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಬಂದಾಗ ಅವರನ್ನು ಗೌರವದಿಂದ ಬರಮಾಡಿಕೊಳ್ಳಲಿ.

ಮೂರನೆಯದಾಗಿ, ನಮ್ಮ ವಲೀಮಾಗಳನ್ನು ನೋಡಿಕೊಳ್ಳೋಣ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಪ್ರವಾದಿ(ಸ) ಅತಿ ಕೆಟ್ಟ ಊಟವೆಂದರು. ಒಂದು ಮದುವೆಯಲ್ಲಿ ಮಣ್ಣುಪಾಲಾಗುವ ಅನ್ನದಿಂದ ಎಷ್ಟು ಮನೆಗಳ ಒಲೆ ತಂಪಾಗುತ್ತಿತ್ತು!

ನಾಲ್ಕನೆಯದಾಗಿ, ನೆರೆಯವನ ಧರ್ಮ ಕೇಳಬೇಡಿರಿ. ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ, ಯಹೂದಿ ನೆರೆಯವನಿಗೆ ಪಾಲು ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದರು. ಸಾರಿಗೆ ನೀರು ಹೆಚ್ಚಿಸಿಯಾದರೂ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ) ಅಬೂಝರ್(ರ) ಅವರಿಗೆ ಉಪದೇಶಿಸಿದ್ದರು. ಪಕ್ಕದ ಹಾಲಕ್ಕಿ ಕೊಪ್ಪದ ಮಗು ಹಸಿದಿರುವಾಗ ನಮ್ಮ ಹೊಟ್ಟೆ ತುಂಬಿದ ನಿದ್ದೆ ವಿಶ್ವಾಸಿಯ ನಿದ್ದೆಯಾಗದು.

ಕೊನೆಯದಾಗಿ, ಕೊಟ್ಟದ್ದನ್ನು ಎತ್ತಿ ಆಡಬೇಡಿರಿ. ಅಕ್ಕಿಚೀಲ ಹಿಡಿದ ಬಡವನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ಅವನ ಹೊಟ್ಟೆ ತುಂಬಿಸಿ ಮಾನ ಕಸಿದಂತೆ. ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದೆ ಉಣಿಸಿದವರನ್ನು ಕುರ್‌ಆನ್ ಪ್ರಶಂಸಿಸಿದೆ. ಉಪಕಾರವನ್ನು ಎತ್ತಿ ಆಡಿ ನೋಯಿಸಿದರೆ ದಾನ ನಿಷ್ಫಲವೆಂದು ಎಚ್ಚರಿಸಿದೆ.

ಸಹೋದರರೇ, ಮುಂದಿನ ಬಾರಿ ನಮಾಝ್‌ನಲ್ಲಿ ಅಲ್‌ಮಾಊನ್ ಓದುವಾಗ, ಇಂದು ನಾನು ಯಾರಿಗೆ ಉಣಿಸಿದೆ, ಯಾರನ್ನು ಉಣಿಸಲು ಪ್ರೇರೇಪಿಸಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಆ ಅಧ್ಯಾಯ ಮುಗಿಯುವುದು ನಿತ್ಯದ ಸಣ್ಣಪುಟ್ಟ ವಸ್ತುಗಳನ್ನೂ ನೆರೆಹೊರೆಯವರಿಗೆ ಕೊಡಲೊಲ್ಲದವರ ಮಾತಿನೊಂದಿಗೆ. ಒಂದು ಹಿಡಿ ನುಗ್ಗೆಸೊಪ್ಪು, ಒಂದು ಕೊಡ ಶುದ್ಧ ನೀರು, ಒಂದು ಒಳ್ಳೆಯ ಮಾತು. ಪರಲೋಕದ ತಕ್ಕಡಿಯಲ್ಲಿ ಇವು ಯಾವುವೂ ಹಗುರವಲ್ಲ.

ನಮ್ಮ ನಾಲಗೆ ಮತ್ತು ಕೈಗಳು ಒಂದೇ ದಾರಿಯಲ್ಲಿ ನಡೆಯುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.