ಹಿಡಿಯುವ ಕೈ, ಬಿಡುವ ಕೈ

1992ರಲ್ಲಿ ಅಮೆರಿಕದ ಐಡಹೊ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಒಂದೇ ಒಂದು ಸಾಕೈ ಸಾಲ್ಮನ್ ಮೀನು ಮರಳಿ ಬಂದಿತು. ಒಂದು ಕಾಲದಲ್ಲಿ ಮೊಟ್ಟೆಯಿಡಲು ಬರುತ್ತಿದ್ದ ಅಸಂಖ್ಯ ಕೆಂಪು ಮೀನುಗಳಿಂದಲೇ ಆ ಸರೋವರಕ್ಕೆ ಆ ಹೆಸರು ಬಂದಿತ್ತು. ಆ ವರ್ಷ ಬಂದದ್ದು ಒಂದು ಗಂಡು ಮೀನು ಮಾತ್ರ. ಅದು ಪೆಸಿಫಿಕ್ ಸಾಗರದಿಂದ ಸುಮಾರು 1,400 ಕಿಲೋಮೀಟರ್ ದೂರ ಪ್ರವಾಹಕ್ಕೆ ಎದುರಾಗಿ ಈಜಿ, ಎಂಟು ಅಣೆಕಟ್ಟುಗಳನ್ನು ದಾಟಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುವ ತನ್ನ ತವರನ್ನು ಸೇರಿತ್ತು. ಜನರು ಅದನ್ನು ‘ಒಂಟಿ ಲ್ಯಾರಿ’ ಎಂದು ಕರೆದರು. ವಿಜ್ಞಾನಿಗಳು ಅದರ ವೀರ್ಯವನ್ನು ಶೀತಲೀಕರಿಸಿ ಕಾಪಾಡಿ, ಆ ವಂಶವನ್ನು ಉಳಿಸುವ ಕಾರ್ಯದಲ್ಲಿ ಬಳಸಿದರು. 2014ರ ಹೊತ್ತಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಸಾಕೈ ಮೀನುಗಳು ಆ ಕಣಿವೆಗೆ ಮರಳಿದವು.

ಪ್ರಿಯ ಓದುಗರೇ, ಆ ಒಂಟಿ ಮೀನು ದಾರಿಯಲ್ಲಿ ಯಾರದೋ ಬಲೆಗೆ ಸಿಕ್ಕಿ ಸತ್ತಿದ್ದರೆ ಏನಾಗುತ್ತಿತ್ತು? ಬಲೆ ಬೀಸಿದವನು ದುಷ್ಟನಾಗಿರಬೇಕಿರಲಿಲ್ಲ. ಅವನು ಮಕ್ಕಳಿಗೆ ಅನ್ನ ದುಡಿಯುವ ಪ್ರಾಮಾಣಿಕ ಬೆಸ್ತನೇ ಆಗಿರಬಹುದಿತ್ತು. ತಾನು ಏನನ್ನು ಕೊಂದೆನೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಕೆಟ್ಟ ಮನಸ್ಸಿಲ್ಲದೆಯೂ ದೊಡ್ಡ ಕೇಡು ಸಂಭವಿಸಬಲ್ಲದಾದರೆ, ನಾವು ಬಳಸುವ ವಿಧಾನಕ್ಕೂ ಒಂದು ನೀತಿ ಇರಬೇಕಲ್ಲವೇ?

ಪೆಸಿಫಿಕ್ ಸಾಲ್ಮನ್ ಮೀನಿನ ಬದುಕನ್ನು ಅರಿತರೆ ಈ ಪ್ರಶ್ನೆಯ ಆಳ ತಿಳಿಯುತ್ತದೆ. ಅದು ಹೊಳೆಯ ಜಲ್ಲಿಕಲ್ಲುಗಳ ನಡುವೆ ಹುಟ್ಟಿ ಸಮುದ್ರದಲ್ಲಿ ಬೆಳೆಯುತ್ತದೆ. ಕೆಲವು ವರ್ಷಗಳ ನಂತರ ನೀರಿನ ವಾಸನೆಯನ್ನು ಗುರುತಿಸಿ ಹುಟ್ಟಿದ ಹೊಳೆಗೇ ಹಿಂದಿರುಗುತ್ತದೆ. ನದಿಯನ್ನು ಪ್ರವೇಶಿಸಿದ ಮೇಲೆ ಆಹಾರವನ್ನು ತೊರೆದು, ಮೊಟ್ಟೆಯಿಟ್ಟ ನಂತರ ಸಾಯುತ್ತದೆ. ಒಂದೇ ಮಹಾನದಿಯಲ್ಲಿ ಒಂದೇ ದಿನ ಹಲವು ಉಪನದಿಗಳ ಮೀನುಗಳು ಬೆರೆತು ಸಾಗುತ್ತವೆ. ಒಂದರ ಸಂತತಿ ಸಮೃದ್ಧವಾಗಿದ್ದರೆ, ಅದರ ಪಕ್ಕದಲ್ಲೇ ಈಜುವ ಇನ್ನೊಂದರ ಸಂತತಿ ಅಳಿವಿನ ಅಂಚಿನಲ್ಲಿರಬಹುದು. ಆದ್ದರಿಂದ ಹಿಡಿಯಬಲ್ಲವನು ಬಿಡಲೂ ಬಲ್ಲವನಾಗಿರಬೇಕು. ನದಿಯಲ್ಲಿ ಸಾಲ್ಮನ್ ಹಿಡಿಯುವ ನ್ಯಾಯವಾದ ವಿಧಾನವೆಂದರೆ, ನನ್ನ ಬುದ್ಧಿಯ ನಂತರ ಕರುಣೆಗೂ ಒಂದು ಕ್ಷಣ ಉಳಿಸಿಕೊಡುವ ವಿಧಾನ.

ಕಿವಿರುಗಳಿಗೆ ಸಿಕ್ಕಿಕೊಳ್ಳುವ ಬಲೆ ಆ ಕ್ಷಣವನ್ನು ಬಹುಮಟ್ಟಿಗೆ ಕಸಿದುಕೊಳ್ಳುತ್ತದೆ. ಬಲೆಯನ್ನು ಎಳೆಯುವಷ್ಟರಲ್ಲಿ ಅನೇಕ ಮೀನುಗಳು ಸತ್ತಿರುತ್ತವೆ, ಇಲ್ಲವೇ ಮತ್ತೆ ಬದುಕದಷ್ಟು ಗಾಯಗೊಂಡಿರುತ್ತವೆ. ಹಿಮ್ಮುಳ್ಳಿಲ್ಲದ ಗಾಳವಾದರೋ ಸುಲಭವಾಗಿ ಕಳಚಿಕೊಳ್ಳುತ್ತದೆ. ವಿವೇಕವುಳ್ಳ ಗಾಳಗಾರನು ಮೀನನ್ನು ನೀರಿನಲ್ಲೇ ಇರಿಸಿ, ಒದ್ದೆ ಕೈಯಿಂದ ಮುಟ್ಟಿ, ಅದರ ಬೆನ್ನಿನ ಹಿಂಬದಿಯ ಪುಟ್ಟ ರೆಕ್ಕೆಯನ್ನು ಗಮನಿಸುತ್ತಾನೆ. ಅಮೆರಿಕದ ವಾಯವ್ಯ ಭಾಗದಲ್ಲಿ, ಸಾಕಣೆ ಕೇಂದ್ರಗಳಿಂದ ಬಿಡುವ ಮೀನುಮರಿಗಳಲ್ಲಿ ಹೆಚ್ಚಿನವುಗಳ ಆ ರೆಕ್ಕೆಯನ್ನು ಮೊದಲೇ ಕತ್ತರಿಸಿರುತ್ತಾರೆ. ರೆಕ್ಕೆ ಉಳಿದಿದ್ದರೆ ಅದು ಬಹುಶಃ ಕಾಡುಮೀನು. ಅನೇಕ ಕಡೆ ಅದನ್ನು ಬಿಟ್ಟುಬಿಡಬೇಕೆಂಬ ನಿಯಮವಿದೆ. ಬೆರಳಗಲದ ಆ ರೆಕ್ಕೆಯನ್ನು ನೋಡುವ ತಾಳ್ಮೆಯೇ ಅಲ್ಲಿ ನೀತಿಯ ಮೊದಲ ಪಾಠ.

ಹಾಗಾದರೆ ಒಳ್ಳೆಯ ಸಾಧನವನ್ನು ಕೊಂಡರೆ ಸಾಕೇ? ಸಾಲದು. ಕೊಲಂಬಿಯಾ ನದಿಯಲ್ಲಿ 1879ರಿಂದ ಬಳಕೆಗೆ ಬಂದ ಮೀನುಚಕ್ರಗಳ ಕಥೆಯನ್ನು ನೋಡಿರಿ. ಪ್ರವಾಹದ ಬಲದಿಂದ ತಿರುಗುವ ಆ ಚಕ್ರದ ಬುಟ್ಟಿಗಳು ಹಗಲಿರುಳೂ ಮೀನನ್ನು ಮೊಗೆದು ಹಾಕುತ್ತಿದ್ದವು. ಆರೆಗಾನ್ ರಾಜ್ಯವು 1926ರಲ್ಲಿ, ವಾಷಿಂಗ್ಟನ್ ರಾಜ್ಯವು 1934ರಲ್ಲಿ ಅವುಗಳನ್ನು ನಿಷೇಧಿಸಿದವು. ಆದರೆ ಅದೇ ಚಕ್ರವನ್ನು ಕೆನಡಾದ ನಾಸ್ ನದಿಯಲ್ಲಿ ನಿಸ್ಗಾ ಜನಾಂಗದವರು 1990ರ ದಶಕದಿಂದ ಮೀನುಗಳನ್ನು ಎಣಿಸಲು, ಗುರುತು ಹಾಕಿ ಜೀವಂತವಾಗಿ ಬಿಡಲು ಬಳಸುತ್ತ ಬಂದಿದ್ದಾರೆ. ಚಕ್ರ ಅದೇ, ನೀರಿನ ಬಲವೂ ಅದೇ. ಬದಲಾದದ್ದು ಅದರ ಬಳಿ ನಿಂತ ಮನುಷ್ಯನ ಉದ್ದೇಶ.

ಎಲ್ಲಿ ನಿಲ್ಲಿಸಬೇಕೆಂಬ ಅರಿವು ಆ ನದಿಗಳ ಮೂಲನಿವಾಸಿಗಳಿಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯ ಕೆಪೆಲ್ ಎಂಬಲ್ಲಿ ಯೂರೋಕ್ ಜನರು ಹಿಂದೆ ನದಿಗೆ ಅಡ್ಡಲಾಗಿ ಮರದ ಬೇಲಿಯನ್ನು ಕಟ್ಟುತ್ತಿದ್ದರು. ಇಡೀ ನದಿಯ ಮೀನನ್ನು ತಡೆಯಬಲ್ಲ ಶಕ್ತಿ ಆ ಬೇಲಿಗಿತ್ತು. ಆದರೂ ಹತ್ತು ದಿನ ಮೀನು ಹಿಡಿದ ನಂತರ ಅವರೇ ಅದನ್ನು ಕಿತ್ತುಹಾಕುತ್ತಿದ್ದರು. ಮೇಲ್ಗಡೆಯ ಊರಿನವರಿಗೂ ಮೀನು ಸಿಗಬೇಕು, ಮೊಟ್ಟೆಯಿಡುವ ತಾಣಕ್ಕೂ ಮೀನು ತಲುಪಬೇಕು. ಮೀನು ಇನ್ನೂ ಬರುತ್ತಿರುವಾಗಲೇ ‘ಸಾಕು’ ಎನ್ನುವುದು ಎಷ್ಟು ಕಠಿಣವೆಂದು ಒಮ್ಮೆ ಯೋಚಿಸಿರಿ. ಬರಿದಾದ ಮೇಲೆ ನಿಲ್ಲಿಸುವುದು ಸಂಯಮವಲ್ಲ, ಅದು ನಿರುಪಾಯ.

ಇಲ್ಲಿ ಕೆಲವರು ಕೇಳಬಹುದು: ‘ಹಿಡಿದ ಎಲ್ಲ ಮೀನುಗಳನ್ನೂ ಬಿಟ್ಟುಬಿಟ್ಟರೆ ಅದಕ್ಕಿಂತ ದೊಡ್ಡ ದಯೆ ಉಂಟೇ?’ ಈ ಪ್ರಶ್ನೆಗೆ ಸುಲಭ ಉತ್ತರವಿಲ್ಲ. ಬಿಡುವುದಕ್ಕೆಂದೇ ಹಿಡಿಯುವ ಕ್ರೀಡಾಸಕ್ತರಲ್ಲಿ ನದಿಯನ್ನು ಮನಸಾರೆ ಪ್ರೀತಿಸಿ ಅದರ ರಕ್ಷಣೆಗೆ ದುಡಿಯುವವರು ಇದ್ದಾರೆ. ಆದರೂ ಬಿಡುಗಡೆಯಾದ ಮೀನುಗಳೆಲ್ಲ ಬದುಕುವುದಿಲ್ಲ; ನೀರು ಬಿಸಿಯಾದ ದಿನಗಳಲ್ಲಿ ಸಾವು ಇನ್ನೂ ಹೆಚ್ಚು. ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ಸ್ವಿಟ್ಜರ್ಲೆಂಡ್ ದೇಶವು 2008ರಲ್ಲಿ ನಿಯಮದ ಮೂಲಕ ನಿಷೇಧಿಸಿತು. ಹಸಿವಿಗಾಗಿ ಜೀವಿಯನ್ನು ಕೊಲ್ಲುವುದಕ್ಕಿಂತ, ವಿನೋದಕ್ಕಾಗಿ ಅದನ್ನು ಮತ್ತೆ ಮತ್ತೆ ನೋಯಿಸುವುದು ಹೇಗೆ ಮೇಲಾದೀತು ಎಂಬುದು ಆ ನಿಯಮದ ಹಿಂದಿರುವ ಪ್ರಶ್ನೆ. ನನಗೆ ತೋಚುವ ದಾರಿ ಇದು: ಉಣ್ಣುವುದಕ್ಕಾಗಿ ಹಿಡಿಯಬೇಕು, ಹಿಡಿದದ್ದನ್ನು ನರಳಿಸದೆ ತಲೆಗೆ ಒಂದೇ ಏಟಿನಿಂದ ಕೊಲ್ಲಬೇಕು, ತನ್ನದಲ್ಲದ್ದನ್ನು ಒಡನೆಯೇ ಬಿಡಬೇಕು, ಪಾಲು ಸಿಕ್ಕಿದ ಮೇಲೆ ಗಾಳವನ್ನು ಕೆಳಗಿಡಬೇಕು.

ಆದರೆ ನೀತಿಯ ಭಾರವನ್ನೆಲ್ಲ ದಡದಲ್ಲಿ ನಿಂತ ಬೆಸ್ತನ ಹೆಗಲಿಗೇ ಹೊರಿಸಿದರೆ ಅದೂ ಅನ್ಯಾಯವೇ. ಕೊಲಂಬಿಯಾ ನದಿಯ ಸೆಲೈಲೊ ಜಲಪಾತದ ಬಳಿ ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಮರದ ಅಟ್ಟಣೆಗಳ ಮೇಲೆ ನಿಂತು, ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ಒಂದೊಂದಾಗಿ ಸಾಲ್ಮನ್ ಎತ್ತುತ್ತಿದ್ದರು. ಎಂದು ಆರಂಭಿಸಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ಅವರ ಹಿರಿಯರು ನಿರ್ಧರಿಸುತ್ತಿದ್ದರು. 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳು ಮುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಆ ಜಲಪಾತ ಮುಳುಗಿಹೋಯಿತು. ಆ ವಿದ್ಯುತ್ತಿನಿಂದ ದೀಪ ಹಚ್ಚಿದ ಯಾರ ಕೈಗೂ ಮೀನಿನ ರಕ್ತ ಅಂಟಲಿಲ್ಲ. ರಕ್ತ ಅಂಟದ ಕೈಗಳೂ ಲೆಕ್ಕ ಒಪ್ಪಿಸಬೇಕಲ್ಲವೇ?

ಈ ಲೆಕ್ಕವನ್ನು ಸರಿಪಡಿಸಲು ಸಾಧ್ಯವೆಂಬುದಕ್ಕೂ ಸಾಕ್ಷಿಯಿದೆ. ಯೂರೋಕ್ ಜನರು ಬೇಲಿ ಕಟ್ಟಿ ಕಿತ್ತುಹಾಕುತ್ತಿದ್ದ ಅದೇ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು, ಅಲ್ಲಿನ ಮೂಲನಿವಾಸಿಗಳ ದೀರ್ಘ ಹೋರಾಟದ ನಂತರ, 2024ರ ವೇಳೆಗೆ ತೆಗೆದುಹಾಕಲಾಯಿತು. ಆ ವರ್ಷದ ಅಕ್ಟೋಬರ್ ತಿಂಗಳಲ್ಲೇ ಸಾಲ್ಮನ್ ಮೀನುಗಳು ಅಣೆಕಟ್ಟುಗಳಿದ್ದ ಜಾಗವನ್ನು ದಾಟಿ ಮೇಲಕ್ಕೆ ಹೋದುದನ್ನು ಜನರು ಕಂಡರು. ಯಾರೂ ಅವುಗಳಿಗೆ ದಾರಿ ತೋರಿಸಲಿಲ್ಲ. ಮನುಷ್ಯರು ಅಡ್ಡ ನಿಲ್ಲದೆ ಸರಿದು ನಿಂತರು, ಅಷ್ಟೇ.

ನಮ್ಮಲ್ಲಿ ಹೆಚ್ಚಿನವರು ಎಂದೂ ಸಾಲ್ಮನ್ ಹಿಡಿಯಲಾರೆವು. ಆದರೆ ಗಳಿಕೆಯಲ್ಲಿ, ವ್ಯಾಪಾರದಲ್ಲಿ, ಆಸ್ತಿಯ ಹಂಚಿಕೆಯಲ್ಲಿ ನಾವೂ ದಿನನಿತ್ಯ ಬಲೆ ಬೀಸುವವರೇ. ಮುಂದಿನ ಬಾರಿ ಊಟದ ತಟ್ಟೆಯಲ್ಲಿ ಮೀನನ್ನು ಕಂಡಾಗ ಮನೆಯ ಮಕ್ಕಳಿಗೆ ಆ ಒಂಟಿ ಮೀನಿನ ಕಥೆಯನ್ನು ಹೇಳಿರಿ. ಅದು ತವರು ಸೇರುವಂತೆ ಎಷ್ಟೋ ಬಲೆಗಳು ಅದನ್ನು ಬಿಟ್ಟುಕೊಟ್ಟಿದ್ದವು. ನಾನು ಹಾಕಿದ ಬಲೆಯಿಂದ ಹಾಗೆ ಹೊರಬರಲು ಯಾರಿಗಾದರೂ ದಾರಿ ಉಳಿದಿದೆಯೇ ಎಂದು ಮಲಗುವ ಮುನ್ನ ಒಮ್ಮೆ ನಮ್ಮನ್ನೇ ಕೇಳಿಕೊಳ್ಳೋಣ.